ಒಂದು ಪದ, ಹಲವು ಅರ್ಥ

ಬಸವಕಲ್ಯಾಣದ ಕಡೆಯ ಗೋರ್ಟಾ (ಬಿ) ಊರಿನಲ್ಲಿ ಇಂಗ್ಲಿಷ್ ಓದದವರ ಬಾಯಲ್ಲೂ ‘ಕೇಸ್’ ಎಂಬ ಮಾತಿದೆ. ಹೊಲದ ಜಗಳ ಕೋರ್ಟಿಗೆ ಹೋದರೆ ‘ಕೇಸ್ ಹಾಕ್ಯಾರ’, ದವಾಖಾನಿಗೆ ಹೋದರೆ ‘ಮೊದಲ ಕೇಸ್ ಪೇಪರ್ ಮಾಡಸ್ರಿ’. ಯಾರಿಗೂ ಗೊಂದಲವಿಲ್ಲ. ಶಾಲೆಯಲ್ಲಿ ಮಾತ್ರ ‘ಕೇಸ್ ಎಂದರೆ ಮೊಕದ್ದಮೆ’ ಎಂದು ಬರೆಸಿಬಿಟ್ಟರೆ, ಪೆನ್ಸಿಲ್ ಕೇಸ್ ಎದುರಾದಾಗ ಮಗು ತಡವರಿಸುತ್ತದೆ. ಹಲವು ಅರ್ಥದ ಪದಕ್ಕೆ ಬರೀ ಸಮಾನಪದ ಸಾಲದು, ಸರಳ ವಿವರಣೆಯೂ ಬಳಕೆಯ ವಾಕ್ಯವೂ ಬೇಕು. ನಿಘಂಟುಗಳ ಚರಿತ್ರೆ ಸಾಗಿದ್ದೂ ಇದೇ ದಿಕ್ಕಿಗೆ.

ಕಲ್ಯಾಣ ಚಾಲುಕ್ಯ ದೊರೆ ಜಗದೇಕಮಲ್ಲನಲ್ಲಿ ಕಟಕೋಪಾಧ್ಯಾಯ, ಅಂದರೆ ಆಸ್ಥಾನದ ಗುರು, ಆಗಿದ್ದ ಎರಡನೆಯ ನಾಗವರ್ಮ, ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ‘ಅಭಿಧಾನವಸ್ತುಕೋಶ’ದಲ್ಲಿ ನಾನಾರ್ಥಗಳಿಗೆಂದೇ ಒಂದು ಕಾಂಡ ಮೀಸಲಿಟ್ಟ. ಆದರೆ ಅದು ಕಾವ್ಯ ಬಲ್ಲವರಿಗಾಗಿ ಪದ್ಯದಲ್ಲಿ ಬರೆದದ್ದು. 1824ರಲ್ಲಿ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು, 1894ರಲ್ಲಿ ಮಂಗಳೂರಿನಿಂದ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಬಂದವು. ಇಂಗ್ಲಿಷ್ ಕಲಿಯುವ ಮಗುವಿನ ಕಡೆಯಿಂದ ಯೋಚಿಸಿದವರು ಢಾಕಾದಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದ ಮೈಕೆಲ್ ವೆಸ್ಟ್. ಅವರು ಜೇಮ್ಸ್ ಎಂಡಿಕಾಟ್ ಜೊತೆಗೂಡಿ 1935ರಲ್ಲಿ ತಂದ ನಿಘಂಟು, ಸುಮಾರು 24,000 ಪದ ಮತ್ತು ನುಡಿಗಟ್ಟುಗಳನ್ನು ಕೇವಲ 1,490 ಪದಗಳಲ್ಲಿ ವಿವರಿಸಿತು. ಕಠಿಣ ಪದವನ್ನು ಅದಕ್ಕಿಂತ ಕಠಿಣ ಪದದಿಂದ ವಿವರಿಸುವ ಚಾಳಿಗೆ ಅಲ್ಲಿ ತಡೆ ಬಿತ್ತು. 1942ರಲ್ಲಿ ಟೋಕಿಯೋದಲ್ಲಿ ಪ್ರಕಟವಾದ ಹಾರ್ನ್‌ಬಿ ಮತ್ತು ಸಂಗಡಿಗರ ನಿಘಂಟು ಪದವನ್ನು ವಾಕ್ಯದಲ್ಲಿ ಹೇಗೆ ಕೂಡಿಸಬೇಕೆಂಬುದನ್ನೂ ತೋರಿಸಿತು.

ಪದಕ್ಕೊಂದೇ ಅರ್ಥವಿದ್ದರೆ ನೆನಪಿಡುವುದು ಸುಲಭ, ಹತ್ತು ಹೇಳಿದರೆ ಮಗು ಕಂಗೆಡುತ್ತದೆ ಎಂಬ ಆಕ್ಷೇಪವಿದೆ. ನಿಜ, ಹತ್ತನ್ನೂ ಒಟ್ಟಿಗೆ ಹೇಳಬೇಕಿಲ್ಲ. ನಂಟಿರುವ ಅರ್ಥಗಳನ್ನು ಗುಂಪು ಮಾಡಿದರೆ ಸಾಕು. ಕೋರ್ಟಿನ ಕೇಸ್, ದವಾಖಾನೆಯ ಕೇಸ್, ‘ಸಂದರ್ಭ’ ಎಂಬರ್ಥದ ಕೇಸ್ ಮೂರೂ ‘ಒದಗಿದ್ದು, ಸಂಭವಿಸಿದ್ದು’ ಎಂಬರ್ಥದ ಒಂದೇ ಲ್ಯಾಟಿನ್ ಮೂಲದವು. ಪೆನ್ಸಿಲ್ ಕೇಸ್ ಬಂದದ್ದು ಪೆಟ್ಟಿಗೆ ಎಂಬರ್ಥದ ಬೇರೊಂದು ಲ್ಯಾಟಿನ್ ಪದದಿಂದ. ಅಲ್ಲಿಗೆ ಮಗು ಕಲಿಯಬೇಕಾದ ಕಂತೆಗಳು ಎರಡೇ. ‘ಅರಸು’ ಎಂದರೆ ರಾಜನೂ ಹೌದು, ಹುಡುಕು ಎಂದೂ ಹೌದು ಎಂದು ಬಲ್ಲ ಕನ್ನಡದ ಮಗುವಿಗೆ ಇದು ಭಾರವಲ್ಲ. ಇಂಗ್ಲಿಷಿನ ವಿವರಣೆ ಹಳ್ಳಿಯ ಮಕ್ಕಳಿಗೆ ಎಟುಕದು ಎಂಬ ಮಾತೂ ಒಪ್ಪತಕ್ಕದ್ದೇ. ಹಾಗಾದರೆ ವಿವರಣೆ ಕನ್ನಡದಲ್ಲಿರಲಿ, ಉದಾಹರಣೆಯ ವಾಕ್ಯ ಇಂಗ್ಲಿಷಿನಲ್ಲಿರಲಿ. ಬಸವಕಲ್ಯಾಣ, ಹುಮನಾಬಾದ್ ಕಡೆಯ ಶಿಕ್ಷಕರಲ್ಲಿ ಕೋರಿಕೆ ಇಷ್ಟೇ: ಕರಿಹಲಗೆಯ ಮೇಲೆ ಪದ ಮತ್ತು ಅರ್ಥ ಬರೆದು ನಿಲ್ಲಬೇಡಿ, ಪಕ್ಕದಲ್ಲಿ ಒಂದು ವಾಕ್ಯವನ್ನೂ ಬರೆಯಿರಿ.