ಮನೆಯ ಕಂಪ್ಯೂಟರಿಗೆ ಶಾಲೆಯಿಂದ ದಾರಿ: ತಂತ್ರ, ಅನುಮತಿ, ಎಚ್ಚರ

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಅಧ್ಯಾಪಕರ ರಜಾಕಾಲದ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಶಾಲೆಯಲ್ಲಿ ಕುಳಿತು ಮನೆಯ ಕಂಪ್ಯೂಟರನ್ನು ಬಳಸುವುದು ಹೇಗೆ, ಶಾಲೆಯ ಜಾಲವು ಅದಕ್ಕೆ ತಡೆಯೊಡ್ಡಿದಾಗ ಏನು ಮಾಡಬೇಕು ಎಂಬ ವಿಷಯವನ್ನು ಇಂದು ನನಗೆ ವಹಿಸಲಾಗಿದೆ. ಕನ್ನಡ ಬೋಧಿಸುವವರ ಶಿಬಿರದಲ್ಲಿ ಇದೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನನ್ನ ಉತ್ತರ ಇಷ್ಟೆ: ಈ ನಾಡಿನಲ್ಲಿ ಕನ್ನಡ ಮಾಧ್ಯಮದ ಅಧ್ಯಾಪಕನ ಅರ್ಧ ಶಾಲೆ ಅವನ ಮನೆಯ ಕಂಪ್ಯೂಟರಿನಲ್ಲಿದೆ.

ಮಲಯಾಳ ಮಾಧ್ಯಮದ ಸಹೋದ್ಯೋಗಿಗೆ ಸಿದ್ಧ ಸಾಮಗ್ರಿ ಹೇರಳವಾಗಿ ದೊರೆಯುತ್ತದೆ. ನಾವು ಅದನ್ನು ಓದಿ, ಕನ್ನಡಕ್ಕೆ ತಂದು, ಪಾರಿಭಾಷಿಕ ಪದಗಳನ್ನು ಹುಡುಕಿ, ಚಿತ್ರಗಳ ಅಡಿಬರಹವನ್ನು ಬದಲಿಸಿ ತರಗತಿಗೆ ಒಯ್ಯುತ್ತೇವೆ. ಅಭ್ಯಾಸ ಹಾಳೆ, ಮಾದರಿ ಪ್ರಶ್ನೆಪತ್ರಿಕೆ, ವಿಜ್ಞಾನದ ಪದಪಟ್ಟಿ ಇವೆಲ್ಲ ರಾತ್ರಿ ಊಟದ ಬಳಿಕ ಮನೆಯಲ್ಲಿ ತಯಾರಾಗುವಂಥವು. ನಮ್ಮಲ್ಲಿ ಹಿರಿಯರಾದವರು ಅವನ್ನು ವಿಂಡೋಸ್ ಕಂಪ್ಯೂಟರಿನಲ್ಲಿ ನುಡಿ ಅಥವಾ ಬರಹದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಶಾಲೆಯಲ್ಲಿರುವುದು ಹೆಚ್ಚಾಗಿ ಕೈಟ್ ಸಂಸ್ಥೆಯ ಗ್ನೂ ಲಿನಕ್ಸ್. ಪೆನ್‌ಡ್ರೈವಿನಲ್ಲಿ ಫೈಲು ಒಯ್ದು ತೆರೆದರೆ, ಹಳೆಯ ಅಕ್ಷರಶೈಲಿ ಅಲ್ಲಿಲ್ಲದ ಕಾರಣ ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಫೈಲು ಇದೆ, ಕನ್ನಡ ಇಲ್ಲ. ಆಗ ಮನೆಯ ಕಂಪ್ಯೂಟರೇ ಬೇಕೆನಿಸುತ್ತದೆ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ಹತ್ತನೆಯ ತರಗತಿಯ ಮಾದರಿ ಪರೀಕ್ಷೆಯ ಹೊಣೆ ನನ್ನ ಮೇಲಿತ್ತು. ಸಮಾಜ ವಿಜ್ಞಾನದ ಕನ್ನಡ ಪ್ರಶ್ನೆಪತ್ರಿಕೆ ಮನೆಯ ಕಂಪ್ಯೂಟರಿನಲ್ಲಿಯೇ ಉಳಿದಿತ್ತು. ಮನೆಗೆ ಕರೆ ಮಾಡಿದೆ. ಅಮ್ಮ ಕಂಪ್ಯೂಟರಿನ ಗುಂಡಿ ಒತ್ತಿ, "ಏನೋ ನೀಲಿ ಬೆಳಕು ಬಂತು, ಇನ್ನೇನು ಮಾಡಬೇಕು?" ಎಂದು ಕೇಳಿದರು. ಅದಕ್ಕಿಂತ ಮುಂದೆ ಅವರಿಂದ ಆಗುವಂತಿರಲಿಲ್ಲ. ದೂರದಿಂದ ನಿಯಂತ್ರಿಸುವ ತಂತ್ರಾಂಶವೊಂದನ್ನು ಆ ಕಂಪ್ಯೂಟರಿನಲ್ಲಿ ಮೊದಲೇ ಹಾಕಿದ್ದೆ. ಆದರೆ ಶಾಲೆಯ ಜಾಲ ಅದನ್ನು ತಡೆದಿತ್ತು. ಸಮಯ ಓಡುತ್ತಿತ್ತು. ಯಾರನ್ನೂ ಕೇಳದೆ, ತಡೆಯನ್ನು ದಾಟಿಸುತ್ತದೆ ಎನ್ನಲಾದ ಒಂದು ಉಚಿತ ತಂತ್ರಾಂಶವನ್ನು ಶಾಲೆಯ ಕಂಪ್ಯೂಟರಿಗೆ ಇಳಿಸಿಕೊಂಡೆ. ಕೆಲಸವಾಯಿತು. ಪ್ರಶ್ನೆಪತ್ರಿಕೆ ಮುದ್ರಣವಾಯಿತು. ನನ್ನ ಜಾಣ್ಮೆಯ ಬಗ್ಗೆ ನನಗೆ ಹೆಮ್ಮೆಯೂ ಆಯಿತು.

ಮರುವಾರ ಆ ಪ್ರಯೋಗಾಲಯದ ಕಂಪ್ಯೂಟರುಗಳು ಒಂದೊಂದಾಗಿ ಕೆಟ್ಟವು. ಹೊಣೆ ಹೊತ್ತಿದ್ದ ಕಿರಿಯ ಅಧ್ಯಾಪಕರು ಭಾನುವಾರವಿಡೀ ಕುಳಿತು ಎಲ್ಲವನ್ನೂ ಅಳಿಸಿ ಹೊಸದಾಗಿ ಸಜ್ಜುಗೊಳಿಸಿದರು. ಏಳನೆಯ ತರಗತಿಯ ಮಕ್ಕಳು ಮನೆಯ ಹಿರಿಯರಿಂದ ಕೇಳಿ ತಿಳಿದು, ತುಳು, ಮಲಯಾಳ, ಕನ್ನಡ ಹೆಸರುಗಳೊಂದಿಗೆ ಟೈಪ್ ಮಾಡಿದ್ದ ಊರಿನ ಗಿಡಮರಗಳ ಪಟ್ಟಿಯೂ ಅದರಲ್ಲಿ ಅಳಿಸಿಹೋಯಿತು. ನನ್ನ ತಂತ್ರಾಂಶವೇ ಕಾರಣವೆಂದು ಯಾರೂ ಸಾಬೀತುಪಡಿಸಲಿಲ್ಲ. ಅಲ್ಲವೆಂದು ಹೇಳುವ ಧೈರ್ಯ ನನಗೂ ಇರಲಿಲ್ಲ. ವಾರ ಕಳೆದು ಅವರಲ್ಲಿ ನಡೆದುದನ್ನು ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಮಾಷ್ಟ್ರೇ, ಒಂದು ಮಾತು ಕೇಳಿದ್ದರೆ ನಾನೇ ಅರ್ಧ ಗಂಟೆ ಆ ದಾರಿಯನ್ನು ತೆರೆದುಕೊಡುತ್ತಿದ್ದೆ" ಎಂದಷ್ಟೇ ಹೇಳಿದರು. ಮಕ್ಕಳು ಪಟ್ಟಿಯನ್ನು ಮತ್ತೆ ಬರೆದರು. ಅದು ಮೊದಲಿನಷ್ಟು ಉದ್ದವಾಗಲಿಲ್ಲ.

ಈಗ ವಿಷಯಕ್ಕೆ ಬರೋಣ. ಮನೆಯ ಕಂಪ್ಯೂಟರು ಹೊರಗಿನವರಿಗೆ ಏಕೆ ನೇರವಾಗಿ ಸಿಗುವುದಿಲ್ಲ? ಹಳೆಯ ಕಚೇರಿಗಳ ದೂರವಾಣಿಯನ್ನು ನೆನಪಿಸಿಕೊಳ್ಳಿ. ಹೊರಗಿನವರಿಗೆ ತಿಳಿದಿರುವುದು ಕಚೇರಿಯ ಒಂದು ಸಂಖ್ಯೆ ಮಾತ್ರ. ಒಳಗಿನ ಮೇಜುಗಳಿಗೆ ಬೇರೆ ಬೇರೆ ಒಳಸಂಖ್ಯೆಗಳು. ಒಳಗಿನಿಂದ ಯಾರು ಬೇಕಾದರೂ ಹೊರಗೆ ಕರೆ ಮಾಡಬಹುದು. ಹೊರಗಿನಿಂದ ಬಂದ ಕರೆಯನ್ನು ಯಾವ ಮೇಜಿಗೆ ಕೊಡಬೇಕೆಂದು ನಡುವೆ ಕುಳಿತವರಿಗೆ ಮೊದಲೇ ಹೇಳಿರಬೇಕು. ನಮ್ಮ ಮನೆಯ ರೌಟರು ನಡುವೆ ಕುಳಿತ ಆ ವ್ಯಕ್ತಿ. ಕಂಪ್ಯೂಟರಿಗೆ ಅದು ಕೊಡುವ 192.168 ಎಂದು ಆರಂಭವಾಗುವ ವಿಳಾಸ ಮನೆಯೊಳಗೆ ಮಾತ್ರ ಸಲ್ಲುತ್ತದೆ.

ಇಂದಿನ ಫೈಬರ್ ಸಂಪರ್ಕಗಳಲ್ಲಿ ಇನ್ನೊಂದು ಪದರವೂ ಇರಬಹುದು. ಸೇವೆ ಒದಗಿಸುವವರು ಅನೇಕ ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ನಿಲ್ಲಿಸುತ್ತಾರೆ. ನಿಮ್ಮ ರೌಟರಿನ ಸ್ಥಿತಿಪುಟದಲ್ಲಿ ಹೊರಜಾಲದ ವಿಳಾಸವನ್ನು ನೋಡಿ. ಅದು 100.64ರಿಂದ 100.127ರ ನಡುವೆ ಆರಂಭವಾಗಿದ್ದರೆ ನೀವು ಅಂತಹ ಪದರದ ಹಿಂದಿದ್ದೀರಿ ಎಂದು ತಿಳಿಯಬೇಕು. ಆಗ ನಿಮ್ಮ ರೌಟರಿನಲ್ಲಿ ಎಷ್ಟು ಬಾಗಿಲು ತೆರೆದರೂ ಹೊರಗಿನ ಕರೆ ನಿಮ್ಮ ಮನೆಯನ್ನು ತಲುಪದು.

ಇನ್ನು ಶಾಲೆಯ ಕಡೆಯ ತಡೆ. ಜಾಲದಲ್ಲಿ ಪ್ರತಿಯೊಂದು ಸೇವೆಗೂ ಒಂದು ದ್ವಾರಸಂಖ್ಯೆ ಉಂಟು. ಅದನ್ನು ಪೋರ್ಟ್ ಎನ್ನುತ್ತಾರೆ. ಸುರಕ್ಷಿತ ಜಾಲಪುಟಗಳಿಗೆ 443, ಎಸ್‌ಎಸ್‌ಎಚ್ ಎಂಬ ವಿಧಾನಕ್ಕೆ 22, ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪಿಗೆ 3389, ವಿಎನ್‌ಸಿಗೆ 5900. ಬಿಗಿಯಾದ ಜಾಲವು ಸಾಮಾನ್ಯವಾಗಿ ಜಾಲಪುಟಗಳ ದ್ವಾರವನ್ನು ಮಾತ್ರ ತೆರೆದಿಟ್ಟು ಉಳಿದವನ್ನು ಮುಚ್ಚುತ್ತದೆ. ಕೆಲವೆಡೆ ಸೇವೆಯ ಹೆಸರನ್ನೇ ಗುರುತಿಸಿ ತಡೆಯುತ್ತಾರೆ. ಇದನ್ನು ನಮ್ಮ ಮೇಲಿನ ಅಪನಂಬಿಕೆಯೆಂದು ಭಾವಿಸಬೇಕಾಗಿಲ್ಲ. ಅದೇ ಜಾಲದಲ್ಲಿ ಮಕ್ಕಳಿದ್ದಾರೆ, ಅವರ ಅಂಕಗಳಿವೆ, ಕಚೇರಿಯ ದಾಖಲೆಗಳಿವೆ. ಶಾಲೆಯ ಕಂಪೌಂಡಿಗೆ ಗೇಟು ಇರುವುದು ಅಧ್ಯಾಪಕರನ್ನು ತಡೆಯುವುದಕ್ಕಲ್ಲ.

ಮನೆಯ ಕಂಪ್ಯೂಟರನ್ನು ತಲುಪಲು ಮೂರು ಬಗೆಯ ದಾರಿಗಳಿವೆ.

ಮೊದಲನೆಯದು, ರೌಟರಿನಲ್ಲಿ ಬಾಗಿಲು ತೆರೆದು ನೇರವಾಗಿ ಪ್ರವೇಶಿಸುವುದು. ಇದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ನೀವು ತೆರೆದ ಬಾಗಿಲು ಲೋಕಕ್ಕೆಲ್ಲ ತೆರೆದಿರುತ್ತದೆ. ಅಂತಹ ಬಾಗಿಲುಗಳನ್ನು ಹುಡುಕುತ್ತಾ ಹಗಲಿರುಳು ಅಲೆಯುವ ಸ್ವಯಂಚಾಲಿತ ತಂತ್ರಾಂಶಗಳಿವೆ. 2019ರಲ್ಲಿ ವಿಂಡೋಸ್ ರಿಮೋಟ್ ಡೆಸ್ಕ್‌ಟಾಪಿನ ಹಳೆಯ ಆವೃತ್ತಿಗಳಲ್ಲಿ ಕಂಡುಬಂದ ಬ್ಲೂಕೀಪ್ ಎಂಬ ದೋಷ ಎಷ್ಟು ಗಂಭೀರವಾಗಿತ್ತೆಂದರೆ, ಬೆಂಬಲ ನಿಲ್ಲಿಸಿ ವರ್ಷಗಳಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತಿದ್ದುಪಡಿ ಕೊಡಬೇಕಾಯಿತು. ಅಲ್ಲದೆ ವಿಂಡೋಸಿನ ಹೋಮ್ ಆವೃತ್ತಿಯು ಈ ಸೇವೆಯ ಮೂಲಕ ಹೊರಗಿನವರನ್ನು ಬರಮಾಡಿಕೊಳ್ಳುವುದಿಲ್ಲ. ಅದಕ್ಕೆ ಪ್ರೊ ಆವೃತ್ತಿ ಬೇಕು.

ಎರಡನೆಯದು, ಮಧ್ಯಸ್ಥನ ಮೂಲಕ ಸೇರುವುದು. ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್, ಎನಿಡೆಸ್ಕ್, ಟೀಮ್‌ವ್ಯೂವರ್, ರಸ್ಟ್‌ಡೆಸ್ಕ್ ಇವು ಈ ಬಗೆಯವು. ಇಲ್ಲಿ ಮನೆಯ ಕಂಪ್ಯೂಟರು ತಾನಾಗಿಯೇ ಹೊರಗಿನ ಸರ್ವರಿಗೆ ಕರೆ ಮಾಡಿ ಕಾಯುತ್ತಿರುತ್ತದೆ. ಶಾಲೆಯಿಂದ ನೀವೂ ಅದೇ ಸರ್ವರಿಗೆ ಕರೆ ಮಾಡುತ್ತೀರಿ. ಎರಡೂ ಕಡೆಯಿಂದ ಹೊರಹೋಗುವ ಕರೆಗಳೇ ಆದ್ದರಿಂದ ರೌಟರಿನಲ್ಲಿ ಬಾಗಿಲು ತೆರೆಯಬೇಕಾಗಿಲ್ಲ. ಕ್ರೋಮ್ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಶಾಲೆಯ ಕಡೆ ಬ್ರೌಸರೇ ಸಾಕು. ಮನೆಯ ಕಡೆ ಒಮ್ಮೆ ತಂತ್ರಾಂಶವನ್ನು ಹಾಕಿ, ಕನಿಷ್ಠ 6 ಅಂಕೆಗಳ ಪಿನ್ ಕೊಟ್ಟರಾಯಿತು. ಸಾಮಾನ್ಯ ಅಧ್ಯಾಪಕರಿಗೆ ಇದು ಸುಲಭದ ದಾರಿ.

ಮೂರನೆಯದು, ನಿಮ್ಮ ಕಂಪ್ಯೂಟರುಗಳ ನಡುವೆ ಖಾಸಗಿ ಸುರಂಗವನ್ನು ಕಟ್ಟಿಕೊಳ್ಳುವುದು. ವೈರ್‌ಗಾರ್ಡ್, ಟೈಲ್‌ಸ್ಕೇಲ್ ಇವು ಅಂಥವು. ಎಸ್‌ಎಸ್‌ಎಚ್ ಕೂಡ ಗೂಢಲಿಪಿಯ ಸುರಂಗವೇ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದು ಕೇಳಿದ ಬಳಿಕ, ಅಲ್ಲಿನ ಸಂಶೋಧಕ ತಾತು ಯುಲೆನೆನ್ ಅದನ್ನು ರೂಪಿಸಿದರು. ಇವಕ್ಕೆ ತುಸು ಹೆಚ್ಚಿನ ತಿಳಿವಳಿಕೆ ಬೇಕು. ಎರಡೂ ಕಡೆ ತಂತ್ರಾಂಶ ಬೇಕು. ಸ್ವಂತ ಲ್ಯಾಪ್‌ಟಾಪ್ ಒಯ್ಯುವವರಿಗೆ ಮಾತ್ರ ಇದು ಹೊಂದುತ್ತದೆ.

ಇಷ್ಟು ಹೇಳಿದ ಮೇಲೆ, ಶಾಲೆಯ ಜಾಲ ಇವನ್ನೂ ತಡೆದಿದ್ದರೆ? ಆ ತಡೆಯನ್ನು ಗುಟ್ಟಾಗಿ ದಾಟುವ ಉಪಾಯಗಳನ್ನು ಬಲ್ಲವರು ನಿಮ್ಮಲ್ಲಿಯೂ ಇದ್ದಾರೆ. ನಾನು ಅವನ್ನು ಇಲ್ಲಿ ಕಲಿಸುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 43, ಹೊಣೆಯುಳ್ಳವರ ಅನುಮತಿಯಿಲ್ಲದೆ ಕಂಪ್ಯೂಟರ್ ಅಥವಾ ಜಾಲವನ್ನು ಪ್ರವೇಶಿಸುವುದನ್ನೂ, ಅದರೊಳಗೆ ವೈರಸ್ ಸೇರಿಸುವುದನ್ನೂ ತಪ್ಪೆಂದು ಹೇಳುತ್ತದೆ. ಆದರೆ ಕಾಯ್ದೆಗಿಂತ ಮೊದಲು ನೆನಪಾಗಬೇಕಾದುದು ಸಹೋದ್ಯೋಗಿಯ ಭಾನುವಾರ. ನಮ್ಮ ಪ್ರತಿ ಶಾಲೆಯಲ್ಲಿಯೂ ಐ.ಟಿ. ಸಂಯೋಜಕರಿದ್ದಾರೆ. ಮುಖ್ಯೋಪಾಧ್ಯಾಯರ ಮೂಲಕ ಅವರಿಗೆ ಒಂದು ಪುಟದ ಕೋರಿಕೆ ಬರೆಯಿರಿ. ಯಾವ ಸೇವೆ, ಯಾವ ಕಂಪ್ಯೂಟರಿನಿಂದ, ಯಾವ ಉದ್ದೇಶಕ್ಕೆ, ಎಷ್ಟು ಹೊತ್ತು ಎಂಬ ನಾಲ್ಕು ವಿಷಯ ಅದರಲ್ಲಿರಲಿ. "ಕನ್ನಡ ಪ್ರಶ್ನೆಪತ್ರಿಕೆಗಳ ಹಳೆಯ ಫೈಲುಗಳು ಶಾಲೆಯಲ್ಲಿ ತೆರೆಯುವುದಿಲ್ಲ" ಎಂಬ ವಾಕ್ಯವನ್ನು ತಪ್ಪದೆ ಸೇರಿಸಿ. ನಮ್ಮ ಈ ಕಷ್ಟ ಕಾಗದದ ಮೇಲೆ ಬಾರದೆ ಮೇಲಿನವರಿಗೆ ತಿಳಿಯುವುದು ಹೇಗೆ? ನಿಯಮವನ್ನು ಗುಟ್ಟಾಗಿ ದಾಟಿದವನು ತನ್ನ ಒಂದು ದಿನದ ಕೆಲಸವನ್ನು ಮುಗಿಸಿಕೊಳ್ಳುತ್ತಾನೆ. ಕೇಳಿ ಪಡೆದವನು ಮುಂದಿನ ಕನ್ನಡ ಅಧ್ಯಾಪಕನಿಗೂ ದಾರಿ ಮಾಡಿಕೊಡುತ್ತಾನೆ. ಅನುಮತಿ ದೊರೆಯದಿದ್ದರೆ ನಿಮ್ಮದೇ ಮೊಬೈಲಿನಲ್ಲಿ, ನಿಮ್ಮದೇ ಡೇಟಾ ಬಳಸಿ ಮನೆಯ ಕಂಪ್ಯೂಟರನ್ನು ತಲುಪಬಹುದು. ಆಗ ಶಾಲೆಯ ಜಾಲದ ಪ್ರಶ್ನೆಯೇ ಬರುವುದಿಲ್ಲ.

ಎಚ್ಚರಿಕೆಯ ಮಾತುಗಳು ಕೆಲವು.

ಮನೆಯ ಕಂಪ್ಯೂಟರಿನ ಖಾತೆಗೆ ಉದ್ದವಾದ, ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇರಲಿ. ಎರಡು ಹಂತದ ದೃಢೀಕರಣವನ್ನು ಅಳವಡಿಸಿ. ಶಾಲೆಯ ಸಾರ್ವಜನಿಕ ಕಂಪ್ಯೂಟರಿನಲ್ಲಿ ಬ್ರೌಸರಿನ ಖಾಸಗಿ ಕಿಟಕಿಯನ್ನೇ ಬಳಸಿ, ಪಾಸ್‌ವರ್ಡನ್ನು ಉಳಿಸದೆ, ಕೆಲಸ ಮುಗಿದೊಡನೆ ಹೊರಬನ್ನಿ. ಪ್ರೊಜೆಕ್ಟರಿಗೆ ಜೋಡಿಸಿದ ಕಂಪ್ಯೂಟರಿನಿಂದ ಮನೆಯ ಕಂಪ್ಯೂಟರನ್ನು ಎಂದೂ ತೆರೆಯಬೇಡಿ. ನಾಳೆಯ ಪ್ರಶ್ನೆಪತ್ರಿಕೆ ಇಂದೇ ಗೋಡೆಯ ಮೇಲೆ ಬಂದೀತು.

ಕರೆ ಮಾಡಿ, ಬ್ಯಾಂಕಿನವರೆಂದು ಹೇಳಿ, ಇದೇ ತಂತ್ರಾಂಶಗಳನ್ನು ಹಾಕಿಸಿ ಹಣ ದೋಚುವವರಿದ್ದಾರೆ. 2019ರ ಫೆಬ್ರವರಿಯಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಎನಿಡೆಸ್ಕ್ ಬಳಸಿ ನಡೆಯುವ ಇಂತಹ ವಂಚನೆಯ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. ತಂತ್ರಾಂಶ ಕೆಟ್ಟದ್ದಲ್ಲ, ಅದರ ಸಂಖ್ಯೆಯನ್ನು ಅಪರಿಚಿತರಿಗೆ ಓದಿ ಹೇಳುವುದು ಮನೆಯ ಕೀಲಿಕೈಯನ್ನು ಕೊಟ್ಟಂತೆ. ಇದನ್ನು ನೀವು ತಿಳಿದರಷ್ಟೇ ಸಾಲದು, ಮನೆಯಲ್ಲಿರುವ ಹಿರಿಯರಿಗೂ ಹೇಳಿಡಿ. ವಂಚನೆ ನಡೆದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಇನ್ನು ನಮ್ಮೂರಿನ ವಾಸ್ತವ. ದೂರದಿಂದ ತಲುಪಬೇಕಾದರೆ ಕಂಪ್ಯೂಟರು ಚಾಲೂ ಇರಬೇಕು. ನಿದ್ರಾಸ್ಥಿತಿಗೆ ಹೋಗದಂತೆ ಹೊಂದಿಸಿರಬೇಕು. ವಿದ್ಯುತ್ ಹೋಗಿ ಬಂದಾಗ ತಾನಾಗಿ ಎಚ್ಚರಗೊಳ್ಳುವ ಆಯ್ಕೆ ಹಲವು ಕಂಪ್ಯೂಟರುಗಳ ಬಯೋಸ್ ವ್ಯವಸ್ಥೆಯಲ್ಲಿದೆ. ಆದರೆ ತುಲಾ ಮಾಸದ ಸಿಡಿಲಿಗೆ ಯಾವ ಆಯ್ಕೆಯೂ ಉತ್ತರವಲ್ಲ. ಆ ಸಂಜೆಗಳಲ್ಲಿ ಮನೆಯವರು ಪ್ಲಗ್ಗನ್ನೂ ರೌಟರಿನ ತಂತಿಯನ್ನೂ ಕಿತ್ತಿಡುವುದೇ ಸರಿ. ಆದ್ದರಿಂದ ಈ ದಾರಿಯನ್ನು ನೆಚ್ಚಿ ಪರೀಕ್ಷೆಯ ದಿನ ಬರಿಗೈಯಲ್ಲಿ ಶಾಲೆಗೆ ಹೋಗಬಾರದು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ದೂರದಿಂದ ಮನೆಯ ಕಂಪ್ಯೂಟರನ್ನು ತೆರೆದಾಗ ನಮಗೆ ಕಾಣುವುದು ಅಲ್ಲಿನ ಪರದೆ. ಹಳೆಯ ನುಡಿ ಫೈಲು ಅಲ್ಲಿ ಸರಿಯಾಗಿಯೇ ತೆರೆಯುತ್ತದೆ. ಅದನ್ನು ಅಲ್ಲಿಯೇ ಪಿಡಿಎಫ್ ಮಾಡಿ ತರಿಸಿಕೊಂಡರೆ ಅಕ್ಷರಶೈಲಿ ಫೈಲಿನೊಳಗೇ ಬರುವುದರಿಂದ ಶಾಲೆಯಲ್ಲಿ ಮುದ್ರಿಸಬಹುದು. ಆದರೆ ತಿದ್ದಲಾಗದು, ಹುಡುಕಲಾಗದು, ಇನ್ನೊಬ್ಬರಿಗೆ ಕೊಟ್ಟರೂ ಅವರು ಬೆಳೆಸಲಾರರು. ಶಾಶ್ವತ ಪರಿಹಾರ ಯೂನಿಕೋಡ್. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ ಸ್ಥಾನವಿದೆ. ಹಳೆಯ ಅಕ್ಷರಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು, ಅಂಕಿಗಳನ್ನು ಒಮ್ಮೆ ಕಣ್ಣಿಟ್ಟು ತಿದ್ದಬೇಕು. ವಾರಕ್ಕೆ ಎರಡು ಪಾಠದಂತೆ ಮಾಡಿದರೂ ಒಂದು ಶಾಲಾವರ್ಷದಲ್ಲಿ ದೊಡ್ಡ ಭಾಗ ಮುಗಿಯುತ್ತದೆ. ಹಾಗೆ ಬದಲಿಸಿದ ಫೈಲು ಶಾಲೆಯ ಲಿನಕ್ಸಿನಲ್ಲಿಯೂ, ನಿಮ್ಮ ಮೊಬೈಲಿನಲ್ಲಿಯೂ, ಹೊಸದಾಗಿ ಬಂದ ಅಧ್ಯಾಪಿಕೆಯ ಕಂಪ್ಯೂಟರಿನಲ್ಲಿಯೂ ಕನ್ನಡವಾಗಿಯೇ ತೆರೆಯುತ್ತದೆ.

ಬಂಧುಗಳೇ, ಇಪ್ಪತ್ತು ವರ್ಷ ದುಡಿದು ನಾವು ಸಿದ್ಧಪಡಿಸಿದ ಕನ್ನಡ ಸಾಮಗ್ರಿ ಒಂದು ಕಂಪ್ಯೂಟರಿನಲ್ಲಿ, ಒಬ್ಬರ ಪಾಸ್‌ವರ್ಡಿನ ಹಿಂದೆ ಉಳಿದಿದ್ದರೆ, ನಾವು ನಿವೃತ್ತರಾದ ದಿನ ಅದೂ ನಿವೃತ್ತವಾಗುತ್ತದೆ. ಮನೆಯ ಕಂಪ್ಯೂಟರಿಗೆ ದಾರಿ ಕಲಿಯಿರಿ. ಅನುಮತಿ ಕೇಳಿ ಬಳಸಿರಿ. ಹಾಗೆ ಹೋಗಿಬರುವಾಗಲೆಲ್ಲ ಒಂದೊಂದು ಪಾಠವನ್ನಾದರೂ ಯೂನಿಕೋಡಿಗೆ ತಂದು ಶಾಲೆಯಲ್ಲಿ ಇರಿಸಿರಿ. ಮುಂದಿನ ವರ್ಷದ ಶಿಬಿರದಲ್ಲಿ ಈ ವಿಷಯದ ಉಪನ್ಯಾಸವೇ ಬೇಡವಾಗಲಿ ಎಂಬುದು ನನ್ನ ಹಾರೈಕೆ.