ಗಂಡಸಿನ ಗುಣ: ಹುಟ್ಟಿನಿಂದ ಬಂದದ್ದೆಷ್ಟು, ನಾವು ಕಲಿಸಿದ್ದೆಷ್ಟು?

(ಕರೋಶಿಯ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಇಂದಿನ ವಿಷಯ ಗಂಡಸಿನ ಸ್ವಭಾವ. ಹೆಣ್ಣು ಹೇಗಿರಬೇಕು, ಹೇಗೆ ನಡೆಯಬೇಕು ಎಂದು ಹೇಳುವ ಪ್ರವಚನಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಗಂಡಸಿನ ಮಾತು ಬಂದಾಗ ಮಾತ್ರ ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತೇವೆ: "ಗಂಡಸು ಅಂದ್ರ ಹಂಗ, ಏನ್ ಮಾಡೂದು?" ಸಿಟ್ಟಿನಲ್ಲಿ ಊಟದ ತಾಟು ಎಸೆದರೂ ಇದೇ ಮಾತು. ಕುಡಿದು ಬಂದರೂ ಇದೇ ಮಾತು. ತಂಗಿಯ ಪಾಲು ನುಂಗಿದರೂ ಇದೇ ಮಾತು. ಇದನ್ನು ಇಂದು ಶರಣರ ತಕ್ಕಡಿಯಲ್ಲಿ ಇಟ್ಟು ತೂಗೋಣ.

ಗಂಡು ಹೆಣ್ಣಿಗೆ ವ್ಯತ್ಯಾಸವೇ ಇಲ್ಲವೆಂದು ನಾನು ಹೇಳುವುದಿಲ್ಲ. ಶರೀರದಲ್ಲಿ ವ್ಯತ್ಯಾಸವಿದೆ. ಹೆರುವುದು, ಹಾಲೂಡಿಸುವುದು ತಾಯಿಗೆ ಬಂದ ಶಕ್ತಿ. ಹರೆಯ ಬಂದಾಗ ಹುಡುಗನ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಎಂಬ ರಸ ಹೆಚ್ಚುತ್ತದೆ. ದನಿ ಒಡೆಯುತ್ತದೆ, ಗಡ್ಡ ಮೂಡುತ್ತದೆ, ತೋಳು ಬಲಿಯುತ್ತದೆ. ಸರಾಸರಿ ನೋಡಿದರೆ ಗಂಡಸು ಎತ್ತರ, ಗಂಡಸಿಗೆ ತೋಳಬಲ ಹೆಚ್ಚು. ಆದರೆ ಇದು ಸರಾಸರಿಯ ಮಾತು. ಎಷ್ಟೋ ಗಂಡಸರಿಗಿಂತ ಎತ್ತರದ, ಗಟ್ಟಿಯಾದ ಹೆಣ್ಣುಮಕ್ಕಳು ಈ ಸಭೆಯಲ್ಲೇ ಕೂತಿದ್ದಾರೆ. ಚೀಲ ಎತ್ತುವ ಬಲ ಬೇರೆ, ಕೈ ಎತ್ತುವ ಅಧಿಕಾರ ಬೇರೆ. ಮೊದಲಿನದು ಶರೀರದ್ದು. ಎರಡನೆಯದನ್ನು ಯಾವ ಶರೀರವೂ ಕೊಟ್ಟಿಲ್ಲ.

"ಸಿಟ್ಟು ಗಂಡಸಿನ ರಕ್ತದಾಗೇ ಇರತೈತಿ" ಎನ್ನುವವರಿಗೆ ಒಂದು ಪ್ರಶ್ನೆ. ಸಾಲ ಕೊಟ್ಟ ಸಾಹುಕಾರನ ಮುಂದೆ ಆ ಸಿಟ್ಟು ಎಲ್ಲಿ ಹೋಗುತ್ತದೆ? ಬ್ಯಾಂಕಿನ ಮ್ಯಾನೇಜರ್, ಪೊಲೀಸ್ ಅಧಿಕಾರಿ ಗದರಿಸಿದರೆ ಕೈಕಟ್ಟಿ ನಿಲ್ಲುತ್ತೇವೆ. ಮನೆಯ ಹೊಸ್ತಿಲು ದಾಟಿದ ಕೂಡಲೇ ಅದೇ ರಕ್ತ ಕುದಿಯುತ್ತದೆ. ಹುಟ್ಟುಗುಣವಾಗಿದ್ದರೆ ಎಲ್ಲ ಕಡೆಯೂ ಕಾಣಬೇಕಿತ್ತು. ಆಳು ನೋಡಿ, ಜಾಗ ನೋಡಿ ಬರುವ ಸಿಟ್ಟು ಸ್ವಭಾವವಲ್ಲ, ಸಲುಗೆ. ಆ ಸಲುಗೆ ಕೊಟ್ಟವರು ನಾವು.

ಬಸವಾದಿ ಶರಣರು ಇದನ್ನು ಹನ್ನೆರಡನೆಯ ಶತಮಾನದಲ್ಲೇ ಕಂಡರು. ಗಂಡು ಹೆಣ್ಣು ಎಂಬ ಹೆಸರು ಶರೀರದ ಗುರುತುಗಳಿಂದ ಬಂದದ್ದು, ಒಳಗೆ ಸುಳಿಯುವ ಆತ್ಮಕ್ಕೆ ಆ ಭೇದವಿಲ್ಲ ಎಂಬುದನ್ನು ಜೇಡರ ದಾಸಿಮಯ್ಯನವರು ಬಿಡಿಸಿ ಹೇಳಿದರು. ಅಕ್ಕ ನಾಗಮ್ಮನಿಗಿಲ್ಲದ ಉಪನಯನ ತನಗೂ ಬೇಡವೆಂದು ಬಾಲಕ ಬಸವಣ್ಣ ಹೊರಟುಹೋದರೆಂದು ಪರಂಪರೆ ಹೇಳುತ್ತದೆ. ಹೆಣ್ಣನ್ನು ಮಾಯೆಯೆಂದು ದೂರುವ ಗಂಡಸಿನ ಬೆರಳನ್ನು ಅಲ್ಲಮಪ್ರಭುಗಳು ಅವನ ಮನಸ್ಸಿನ ಆಸೆಯ ಕಡೆಗೇ ತಿರುಗಿಸಿದರು.

ಇನ್ನೊಂದು ಮಾತು. ಶರಣಸತಿ ಲಿಂಗಪತಿ ಭಾವ ನಮ್ಮದು. ಈ ಭಾವದಲ್ಲಿ ಮೀಸೆ ಹೊತ್ತ ಗಂಡಸೂ ಸತಿಯೇ. ಕಾಯುವುದು, ಕರಗುವುದು, ನಾನೆಂಬುದನ್ನು ಬಿಡುವುದು ಹೆಣ್ಣಿಗಷ್ಟೇ ಸೇರಿದ ಗುಣಗಳಾಗಿದ್ದರೆ ಗಂಡಸಿಗೆ ಲಿಂಗಾಂಗ ಸಾಮರಸ್ಯವೇ ಇರುತ್ತಿರಲಿಲ್ಲ. ಪೂಜೆಯಲ್ಲಿ ಅರ್ಧ ಗಂಟೆ ಸತಿಯಾಗಿದ್ದು, ಲಿಂಗವನ್ನು ಕರಡಿಗೆಯಲ್ಲಿಟ್ಟ ಕೂಡಲೇ ದೊರೆಯಾಗುವುದು ಎಂಥ ಭಕ್ತಿ?

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗ ನಿಮಗೆಲ್ಲ ಗೊತ್ತು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಒಪ್ಪಲಿಲ್ಲ. ಮರಳಿ ಅಲ್ಲೇ ಸುರಿದು ಬಾ ಎಂದಳು. ನಾವು ಈ ಕಥೆಯನ್ನು ಲಕ್ಕಮ್ಮನ ಹಿರಿಮೆಗಾಗಿ ಹೇಳುತ್ತೇವೆ, ಸರಿಯೇ. ಮಾರಯ್ಯನನ್ನೂ ಸ್ವಲ್ಪ ನೋಡಿ. "ನನಗೇ ಬುದ್ಧಿ ಹೇಳತಿಯೇನ" ಎಂದು ಹೊಡೆಯಲು ಹೋದನೇ? ಹೆಂಡತಿ ಹೇಳಿದ್ದು ಸತ್ಯವೆಂದು ತಿಳಿದು ಅಕ್ಕಿ ಹೊತ್ತು ಹಿಂದಿರುಗಿದ. ಗಂಡಸುತನಕ್ಕೆ ಮಾದರಿ ಬೇಕಾದರೆ ಅಲ್ಲಿದೆ.

ಈಗ ನಾವು ಬೆಳೆಸುವ ರೀತಿ ನೋಡೋಣ. ಮಗ ಬಿದ್ದು ಅತ್ತರೆ "ಹೆಣ್ಣಹುಡುಗ್ಯಾರಂಗ ಅಳಬ್ಯಾಡ" ಎನ್ನುತ್ತೇವೆ. ಒಂದೇ ಮಾತಿನಲ್ಲಿ ತಂಗಿಯನ್ನು ಕೀಳು ಮಾಡಿದೆವು, ಅವನ ಕಣ್ಣೀರನ್ನೂ ಕಟ್ಟಿದೆವು. ಆ ಕಟ್ಟಿದ ನೀರು ಎಲ್ಲಿಗೆ ಹೋಗುತ್ತದೆ? 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಮಂದಿ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ಅವರಲ್ಲಿ ನೂರಕ್ಕೆ ಸುಮಾರು 72 ಜನ ಗಂಡಸರು. ಕಾರಣಗಳು ಹಲವು: ಸಾಲ, ರೋಗ, ಕುಡಿತ, ಮನೆಯ ಕಲಹ. ಆದರೆ "ನನ್ನಿಂದ ಆಗವಲ್ದು" ಎಂದು ಹೆಂಡತಿಯ ಮುಂದೆ, ಗೆಳೆಯನ ಮುಂದೆ ಬಾಯಿಬಿಡಲು ಬಾರದ ಗಂಡಸಿಗೆ ಆ ಭಾರ ಇಮ್ಮಡಿಯಾಗುತ್ತದೆ. ನಾವು ಕಲಿಸಿದ ಗಂಡಸುತನ ಹೆಣ್ಣಿಗೆ ಮಾತ್ರವಲ್ಲ, ಗಂಡಿಗೂ ಉರುಳು.

ಕೊನೆಗೆ ಉತಾರದ ಮಾತು. "ಹೊಲಮನಿ ಆಡಳಿತ ಗಂಡಸಿನ ಗುಣ" ಎನ್ನುತ್ತೇವೆ. ನಮ್ಮ ಕಬ್ಬಿನ ಹೊಲದಲ್ಲಿ ಕಳೆ ತೆಗೆಯುವವಳು ಯಾರು? ಎಮ್ಮೆಯ ಹೆಂಡೆ ಬಳಿದು, ಹಾಲು ಹಿಂಡಿ ಡೈರಿಗೆ ಹಾಕುವವಳು ಯಾರು? ಕೆಲಸ ಅವಳದು, ಉತಾರದಲ್ಲಿ ಹೆಸರು ಅವನದು, ಬಿಲ್ಲಿನ ರೊಕ್ಕ ಅವನ ಖಾತೆಗೆ. ಅದು ಗುಣವಲ್ಲ, ಕಾಗದ.

ಕಾಗದ ಬದಲಾಗಿಯೂ ಬಹಳ ವರ್ಷಗಳಾದವು. 1994ರಲ್ಲಿ ಕರ್ನಾಟಕ ತಂದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. ಅದಕ್ಕೂ ಮೊದಲು ಮದುವೆಯಾದವರು ಹೊರಗುಳಿದಿದ್ದರು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. ನಮ್ಮದು ಸ್ವತಂತ್ರ ಧರ್ಮವೆಂಬ ಹೋರಾಟ ಬೇರೆ. ಆಸ್ತಿಯ ಮಟ್ಟಿಗೆ ಈ ಕಾಯ್ದೆ ಲಿಂಗಾಯತರನ್ನು ಹೆಸರಿಸಿಯೇ ಒಳಗೊಂಡಿದೆ.

ಆದರೂ ವಾಟ್ನಿಯ ದಿನ ಏನಾಗುತ್ತದೆ? ಅಕ್ಕತಂಗಿಯರಿಗೆ ಒಂದೊಂದು ಸೀರೆ ಉಡಿಸಿ, ಉಡಿ ತುಂಬಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತೇವೆ. ಸಹಿ ಹಾಕದವಳಿಗೆ ತವರಿನ ಬಾಗಿಲು ಮುಚ್ಚುತ್ತೇವೆ. ಅವಳು ಮನಸ್ಸಾರೆ ಬಿಟ್ಟರೆ ಅದು ಅವಳ ಇಷ್ಟ. ಹೆದರಿಸಿ ಬಿಡಿಸಿದರೆ, ಲಕ್ಕಮ್ಮ ಮರಳಿ ಸುರಿಯೆಂದ ಹೆಚ್ಚಿನ ಅಕ್ಕಿ ಅದೇ. ಪಂಚಸೂತಕಗಳನ್ನು ಅಲ್ಲಗಳೆದ ಧರ್ಮ ನಮ್ಮದು. ಮುಟ್ಟಿನ ದಿನವೂ ಹೆಣ್ಣಿನ ಎದೆಯ ಮೇಲೆ ಇಷ್ಟಲಿಂಗ ಇರಬಹುದೆಂದು ಹೇಳಿದವರು, ಅವಳ ಹೆಸರು ಉತಾರದ ಮೇಲೆ ಇರಬಾರದೆಂದರೆ ಹೇಗೆ?

ಗಂಡಸರಲ್ಲಿ ಮೂರು ಮಾತು ಬೇಡುತ್ತೇನೆ. ಒಂದು, "ಗಂಡಸು ಅಂದ್ರ ಹಂಗ" ಎಂಬ ಮಾತನ್ನು ನಮ್ಮ ಮನೆಗಳಿಂದ ತೆಗೆಯೋಣ. ಎರಡು, ಮಗ ಅತ್ತರೆ ಅಳಲು ಬಿಡೋಣ, ಉಂಡ ತಾಟು ತೊಳೆಯಲು ಅವನಿಗೂ ಕಲಿಸೋಣ. ಕಾಯಕದಲ್ಲಿ ಗಂಡುಕೆಲಸ ಹೆಣ್ಣುಕೆಲಸ ಎಂಬುದಿಲ್ಲ. ಮೂರು, ವಾಟ್ನಿಯ ಮಾತು ಬಂದರೆ ಅಕ್ಕತಂಗಿಯರನ್ನು ಮೊದಲು ಕರೆದು ಕೂರಿಸಿ, ಅವರ ಪಾಲು ಎಷ್ಟೆಂದು ನಾವೇ ಬಾಯಿಬಿಟ್ಟು ಹೇಳೋಣ. ಸಹಿಯ ಮಾತು ಆಮೇಲೆ.

ಇದು ಗಂಡಸನ್ನು ಹಳಿಯುವ ಮಾತಲ್ಲ. ಗಂಡಸು ಬದಲಾಗಬಲ್ಲ ಎಂದು ನಂಬಿದವರು ಮಾತ್ರ ಆಡಬಹುದಾದ ಮಾತು. ಶರಣರು ಹಾಗೆ ನಂಬಿದ್ದರು.