ರೋಮ್‌ನ ಅಂತರ್ಯುದ್ಧಗಳ ಬೀಜ ಎಲ್ಲಿತ್ತು?



ಕ್ರಿ.ಪೂ. 49ರಲ್ಲಿ ಜೂಲಿಯಸ್ ಸೀಸರ್ ಸೇನೆಸಮೇತ ರುಬಿಕಾನ್ ನದಿಯನ್ನು ದಾಟಿದ್ದೇ ರೋಮ್‌ನ ಅಂತರ್ಯುದ್ಧಗಳಿಗೆ ಕಾರಣವೆಂದು ಅನೇಕರು ಭಾವಿಸುತ್ತಾರೆ. ಆದರೆ ಅದರ ಬೀಜ ಬಿದ್ದುದು 84 ವರ್ಷಗಳಷ್ಟು ಹಿಂದೆ.

ಯುದ್ಧಗಳಲ್ಲಿ ಗೆದ್ದ ಸಾರ್ವಜನಿಕ ಭೂಮಿಯ ಬಹುಪಾಲು ಸಿರಿವಂತರ ವಶವಾಗಿತ್ತು. ರೋಮ್‌ಗಾಗಿ ಹೋರಾಡಿದ ಅನೇಕ ರೈತರು ನಿರ್ಗತಿಕರಾಗಿದ್ದರು. ಕ್ರಿ.ಪೂ. 133ರಲ್ಲಿ ಟೈಬೀರಿಯಸ್ ಗ್ರಾಕಸ್ ಎಂಬ ಜನಪ್ರತಿನಿಧಿಯು, ಮಿತಿಮೀರಿ ಹಿಡಿದಿಟ್ಟ ಭೂಮಿಯನ್ನು ಬಡವರಿಗೆ ಹಂಚುವ ಕಾನೂನನ್ನು ತಂದನು. ಸೆನೆಟ್ ಸದಸ್ಯರು ಬೆಂಬಲಿಗರೊಂದಿಗೆ ನುಗ್ಗಿ ಆತನನ್ನೂ ಸುಮಾರು 300 ಅನುಯಾಯಿಗಳನ್ನೂ ಬಡಿದು ಕೊಂದರು. 12 ವರ್ಷಗಳ ಬಳಿಕ ತಮ್ಮ ಗಾಯಸ್ ಕೂಡ ಅದೇ ಹಾದಿಯಲ್ಲಿ ಪ್ರಾಣ ತೆತ್ತನು.

ಕಾನೂನಿನ ಬಾಗಿಲು ಮುಚ್ಚಿದಾಗ ಬಡವನು ಸೇನಾಪತಿಯ ಬಾಗಿಲನ್ನು ತಟ್ಟಿದನು. ಕ್ರಿ.ಪೂ. 107ರಲ್ಲಿ ಮಾರಿಯಸ್ ಆಸ್ತಿಯಿಲ್ಲದವರನ್ನೂ ಸೇನೆಗೆ ಸೇರಿಸಿಕೊಂಡನು. ಸೇವೆ ಮುಗಿದ ಯೋಧನಿಗೆ ಭೂಮಿ ನೀಡುವ ಸ್ಥಿರ ವ್ಯವಸ್ಥೆ ಇರಲಿಲ್ಲ. ಅವನ ಭರವಸೆಯೆಲ್ಲ ಸೇನಾಪತಿಯ ಮೇಲೆ. ಹೀಗೆ ನಿಷ್ಠೆಯು ರಾಜ್ಯವನ್ನು ತೊರೆದು ವ್ಯಕ್ತಿಯತ್ತ ಸರಿಯಿತು. ಕ್ರಿ.ಪೂ. 88ರಲ್ಲಿ ಸುಲ್ಲಾ ರೋಮ್ ನಗರದ ಮೇಲೆಯೇ ದಂಡೆತ್ತಿ ಹೋದಾಗ ರೋಮನ್ ಸೈನಿಕರೇ ಅವನನ್ನು ಹಿಂಬಾಲಿಸಿದರು.

ಕ್ರಿ.ಪೂ. 27ರಲ್ಲಿ ಆಗಸ್ಟಸ್‌ನ ಕೈಯಲ್ಲಿ ಅಧಿಕಾರವೆಲ್ಲ ಕೇಂದ್ರೀಕೃತವಾಯಿತು. ಭೂಮಿಯ ಒಂದು ಪಾಲನ್ನು ಬಿಟ್ಟುಕೊಡಲೊಪ್ಪದವರು ಗಣರಾಜ್ಯವನ್ನೇ ಕಳೆದುಕೊಂಡರು. ನ್ಯಾಯವನ್ನು ಕೊಂದ ಸಮಾಜಕ್ಕೆ ಶಾಂತಿ ಎಲ್ಲಿಂದ ಬಂದೀತು?